ಸಾರ್ವತ್ರಿಕ ಆರೋಗ್ಯವಿಮೆಯ ವಾದ: ಕೆನೆತ್ ಆರೋ ಅವರ ಪ್ರಬಂಧದ ವಿಮರ್ಶೆ

ವೈದ್ಯೋಪಚಾರದ ವೆಚ್ಚವನ್ನು ರೋಗಿಯೊಬ್ಬನೇ ಹೊರಬೇಕೆ, ಸಮಾಜವೆಲ್ಲ ಕೂಡಿ ಹೊರಬೇಕೆ ಎಂಬ ಪ್ರಶ್ನೆಯನ್ನು ದಯೆ-ಧರ್ಮಗಳ ನೆಲೆಯಲ್ಲಿ ಚರ್ಚಿಸುವುದು ರೂಢಿಯಾಗಿ ಬಂದಿದೆ. ಅದನ್ನು ಅರ್ಥಶಾಸ್ತ್ರದ ತರ್ಕಕ್ಕೆ ಒಳಪಡಿಸಿದ ಕೃತಿಗಳಲ್ಲಿ ಕೆನೆತ್ ಆರೋ ಅವರ ಪ್ರಬಂಧಕ್ಕೆ ಅಗ್ರಸ್ಥಾನವಿದೆ. ಅನಿಶ್ಚಿತತೆಯನ್ನೂ ವೈದ್ಯೋಪಚಾರವನ್ನೂ ಕುರಿತ ಈ ಪ್ರಬಂಧ 1963ರ ಡಿಸೆಂಬರಿನಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ವಾದವನ್ನು ಪರಿಶೀಲಿಸಿ, ನಮ್ಮ ದೇಶದ ಸ್ಥಿತಿಗೆ ಅದು ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಅಕ್ಕಿ ಬೇಳೆಗಳ ಖರ್ಚನ್ನು ಗೃಹಸ್ಥನು ಮುಂಚಿತವಾಗಿ ಎಣಿಸಬಲ್ಲನು. ರೋಗದ ಸಂಗತಿ ಹಾಗಲ್ಲ. ಅದು ಯಾವಾಗ, ಯಾರಿಗೆ ಬರುವುದೆಂದು ತಿಳಿಯದು. ಬಂದಾಗ ಖರ್ಚನ್ನು ತರುವುದಲ್ಲದೆ ದುಡಿಮೆಯನ್ನೂ ಕಸಿದುಕೊಳ್ಳುವುದು. ಯಾವ ಚಿಕಿತ್ಸೆ ಬೇಕು, ಅದು ಫಲಿಸುವುದೇ ಎಂಬುದನ್ನು ರೋಗಿ ಅರಿಯನಾದ್ದರಿಂದ ವೈದ್ಯನ ಮಾತನ್ನು ನಂಬಿಯೇ ನಡೆಯಬೇಕು. ಸರಕನ್ನು ನೋಡಿ ಕೊಳ್ಳುವ ಸಂತೆಯ ನ್ಯಾಯ ಇಲ್ಲಿ ಸಲ್ಲದು. ಈ ಎರಡು ಬಗೆಯ ಅನಿಶ್ಚಿತತೆಯೇ ಆರೋ ಅವರ ವಾದದ ತಳಹದಿ. ವಿಮೆಯಿಂದ ಜನರ ಕ್ಷೇಮ ಹೆಚ್ಚುವುದರಿಂದ, ಮಾರುಕಟ್ಟೆ ಅದನ್ನು ಒದಗಿಸದೆ ಹೋದೆಡೆ ಸರಕಾರವೇ ಒದಗಿಸಬೇಕೆಂಬುದು ಅವರ ನಿರ್ಣಯ.

ಪ್ರಬಂಧದ ಅತ್ಯಂತ ಬೆಲೆಯುಳ್ಳ ಭಾಗ ವಿಮೆಯ ಕಂತನ್ನು ಕುರಿತದ್ದೆಂದು ನಾವು ಭಾವಿಸುತ್ತೇವೆ. ಒಂದು ಸಂಸ್ಥೆ ಆರೋಗ್ಯವಂತರಿಂದಲೂ ರೋಗಿಷ್ಠರಿಂದಲೂ ಸಮಾನ ಕಂತನ್ನು ಪಡೆಯುತ್ತಿದೆಯೆನ್ನೋಣ. ಪ್ರತಿಸ್ಪರ್ಧಿಯೊಬ್ಬನು ಬಂದು ಗಟ್ಟಿಮುಟ್ಟಾದವರಿಗೆ ಮಾತ್ರ ಕಡಮೆ ಕಂತಿನ ಆಸೆ ತೋರಿಸಿದರೆ ಅವರು ಅತ್ತ ಸರಿಯುತ್ತಾರೆ. ಮೊದಲ ಸಂಸ್ಥೆಯಲ್ಲಿ ಮುದುಕರೂ ರೋಗಿಗಳೂ ಉಳಿದು ಕಂತು ಏರುತ್ತದೆ. ಏರಿದಷ್ಟೂ ಇನ್ನಷ್ಟು ಜನ ಬಿಟ್ಟುಹೋಗುತ್ತಾರೆ. ಹೀಗೆ, ಯಾರಿಗೆ ವಿಮೆ ಹೆಚ್ಚು ಅಗತ್ಯವೋ ಅವರಿಗೇ ಅದು ಕೈಗೆಟುಕದಂತಾಗುತ್ತದೆ. ಸ್ಪರ್ಧೆಯಲ್ಲಿ ಸಮಾನ ಕಂತು ನಿಲ್ಲದೆಂಬುದನ್ನು ಆರೋ ಅವರು ಕಂಡಿದ್ದಾರೆ. ಆದರೆ ಅದರಿಂದ ಹೊರಡುವ ಸಿದ್ಧಾಂತವನ್ನು ಸಾಕಷ್ಟು ಒತ್ತಿ ಹೇಳಿಲ್ಲ. ‘ಸಾರ್ವತ್ರಿಕ’ ಎಂಬುದು ವಿಮೆಗೆ ತೊಡಿಸಿದ ಅಲಂಕಾರವಲ್ಲ, ಅದರ ಪ್ರಾಣ. ಯಾರೂ ಹೊರಗುಳಿಯಲಾಗದ ಒಂದೇ ನಿಧಿಯಿದ್ದರೆ ಮಾತ್ರ ಸಮಾನ ಹೊಣೆ ನಿಲ್ಲಬಲ್ಲದು.

ಈ ವಾದಕ್ಕೆ ಪ್ರಬಲವಾದ ಆಕ್ಷೇಪ ಬಂದದ್ದು 1968ರಲ್ಲಿ, ಅದೇ ಪತ್ರಿಕೆಯಲ್ಲಿ. ವೆಚ್ಚ ತನ್ನದಲ್ಲವೆಂದಾಗ ಜನರು ಬೇಕಾದುದಕ್ಕಿಂತ ಹೆಚ್ಚು ಚಿಕಿತ್ಸೆ ಪಡೆಯುವುದು ಸಹಜವೆಂದೂ, ಆದಕಾರಣ ಎಲ್ಲ ವೆಚ್ಚಕ್ಕೂ ಕಡ್ಡಾಯ ವಿಮೆ ಹೂಡುವುದು ಹಿತಕರವೆನ್ನಲಾಗದೆಂದೂ ಮಾರ್ಕ್ ಪಾಲಿ ಅವರು ವಾದಿಸಿದರು. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ 1974ರಿಂದ 1982ರವರೆಗೆ ಅಮೆರಿಕದಲ್ಲಿ ರ‍್ಯಾಂಡ್ ಸಂಸ್ಥೆ ನಡೆಸಿದ ಪ್ರಯೋಗವನ್ನು ಇದರೊಡನೆ ಇಟ್ಟು ನೋಡಬೇಕು. ವೆಚ್ಚದ ಪಾಲನ್ನು ತಾವೇ ಕೊಡಬೇಕಾದವರು ಕಡಮೆ ಚಿಕಿತ್ಸೆ ಪಡೆದರು; ಸಾಮಾನ್ಯರ ಆರೋಗ್ಯಕ್ಕೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಆದರೆ ಅವರು ಬಿಟ್ಟದ್ದು ಅನಗತ್ಯ ಚಿಕಿತ್ಸೆಯನ್ನಷ್ಟೇ ಅಲ್ಲ, ಅಗತ್ಯವಾದುದನ್ನೂ ಬಿಟ್ಟರು. ರಕ್ತದೊತ್ತಡವಿದ್ದ ಬಡವರ ಸ್ಥಿತಿ ಉಚಿತ ಚಿಕಿತ್ಸೆ ದೊರೆತೆಡೆಯಲ್ಲಿಯೇ ಉತ್ತಮವಾಗಿತ್ತು. ದುಂದನ್ನು ತಡೆಯಲು ರೋಗಿಯ ಕಿಸೆಗೆ ಕೈಹಾಕುವುದು ಕುರುಡು ಉಪಾಯವೆಂಬುದು ಇದರಿಂದ ಸ್ಪಷ್ಟ.

ಭಾರತೀಯ ಓದುಗನಿಗೆ ಪ್ರಬಂಧದಲ್ಲಿ ಕಾಣುವ ಕೊರತೆ ಬೇರೆಯದು. ಹಣವಿದ್ದರೆ ವೈದ್ಯನೂ ಆಸ್ಪತ್ರೆಯೂ ಸಿಕ್ಕೇ ಸಿಗುತ್ತವೆಂಬ ಕಲ್ಪನೆ ಅದರ ಹಿಂದಿದೆ. ವೈದ್ಯನಿಲ್ಲದ ಹಳ್ಳಿಯಲ್ಲಿ ವಿಮೆಯ ಚೀಟಿಗೆ ಕಾಗದದ ಬೆಲೆಯೂ ಇಲ್ಲ. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿ ಈ ತೊಡಕನ್ನು ಅರಿತಿತ್ತು. ಹಣ ಕೊಡಲಾರನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಮುಂದಿಟ್ಟ ಸಮಿತಿ, ಹಳ್ಳಿಯವರೆಗೂ ಹಬ್ಬುವ ಸರಕಾರಿ ಆರೋಗ್ಯಸೇವೆಯನ್ನೇ ಸೂಚಿಸಿತು. ಆರೋ ಅವರ ತರ್ಕಕ್ಕೆ ಭೋರ್ ಸಮಿತಿಯ ಈ ವಿವೇಕ ಪೂರಕವೇ ಹೊರತು ವಿರೋಧಿಯಲ್ಲ.

ನಮ್ಮ ದೇಶ ನಡೆದದ್ದು ಮೂರನೆಯ ಹಾದಿ: ಜನರನ್ನು ವರ್ಗಗಳಾಗಿ ವಿಂಗಡಿಸಿ ವಿಮೆ ನೀಡುವ ಹಾದಿ. 1948ರ ಕಾಯಿದೆಯ ಇ.ಎಸ್.ಐ. ವ್ಯವಸ್ಥೆ ಗೊತ್ತಾದ ಮಿತಿಯೊಳಗೆ ಸಂಬಳ ಪಡೆಯುವ ನೌಕರರಿಗಾಯಿತು. 2018ರ ಆಯುಷ್ಮಾನ್ ಭಾರತ ಯೋಜನೆ ಬಡಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆ ನೀಡಿತು. 2024ರಲ್ಲಿ 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಿತು. ಕರ್ನಾಟಕವು 2018ರಲ್ಲಿ ಇದನ್ನು ತನ್ನ ಯೋಜನೆಯೊಡನೆ ಬೆಸೆದು, ಬಡತನದ ರೇಖೆಗಿಂತ ಮೇಲಿನ ಕುಟುಂಬಗಳಿಗೂ ಚಿಕಿತ್ಸಾವೆಚ್ಚದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಭರಿಸಲು ಒಪ್ಪಿತು. ಇವೆಲ್ಲ ಸ್ತುತ್ಯವೇ. ಆದರೆ ಆಯುಷ್ಮಾನ್ ಯೋಜನೆಯ ರಕ್ಷಣೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವನಿಗೆ ಮಾತ್ರ. ಸಕ್ಕರೆಕಾಯಿಲೆಯ ಮಾತ್ರೆಯನ್ನು ಪ್ರತಿದಿನ ಕೊಳ್ಳುವವನು ತನ್ನ ಹಣದಿಂದಲೇ ಕೊಳ್ಳಬೇಕು. ಮಾತ್ರೆ ಬಿಟ್ಟು, ಮೂತ್ರಪಿಂಡ ಕೆಟ್ಟು ದಾಖಲಾದ ಮೇಲೆ ವಿಮೆ ನೆರವಿಗೆ ಬರುವುದು. ಸಂಬಳದ ನೌಕರಿಯೂ ಇಲ್ಲದೆ ಬಡವರ ಪಟ್ಟಿಯಲ್ಲಿಯೂ ಸೇರದೆ ನಡುವೆ ಉಳಿದ ಸಣ್ಣ ಅಂಗಡಿಯವನಿಗಂತೂ ಒಂದು ಶಸ್ತ್ರಚಿಕಿತ್ಸೆ ಮನೆಮಾರನ್ನೇ ನುಂಗಬಲ್ಲದು.

ವರ್ಗವಿಂಗಡಣೆಯಿಂದ ನಿಧಿ ಒಡೆಯುತ್ತದೆ. ಅನುಕೂಲವಂತರು ಬೇರೆ ದಾರಿ ಹಿಡಿದರೆ, ಬಡವರ ಸೇವೆಯ ಗುಣಮಟ್ಟವನ್ನು ಕೇಳುವ ಬಲವುಳ್ಳ ದನಿಯೂ ಇಲ್ಲವಾಗುತ್ತದೆ. ಆದುದರಿಂದ ತೆರಿಗೆಯಿಂದ ಪೋಷಿತವಾದ, ಎಲ್ಲರನ್ನೂ ಒಳಗೊಳ್ಳುವ, ನಿತ್ಯದ ಔಷಧದಿಂದಲೇ ಆರಂಭವಾಗುವ ಒಂದೇ ವ್ಯವಸ್ಥೆ ತರ್ಕಕ್ಕೂ ನ್ಯಾಯಕ್ಕೂ ಸಮ್ಮತವಾದುದೆಂದು ನಮ್ಮ ಅಭಿಪ್ರಾಯ. ಆರೋ ಅವರ ಪ್ರಬಂಧ ಅಲ್ಲಿಯವರೆಗೆ ನಮ್ಮನ್ನು ಕೊಂಡೊಯ್ಯುವುದಿಲ್ಲ. ಆದರೆ ದಾರಿಯನ್ನು ತೋರಿಸುತ್ತದೆ.