ಒಂದು ವಾಕ್ಯದ ಕಥೆ: ಚೋಮ, ತಬರ, ಚಂದ್ರಿ

ಕನ್ನಡ ಕೃತಿಯೊಂದನ್ನು ಕನ್ನಡೇತರರಿಗೆ ಪರಿಚಯಿಸುವ ಸಂದರ್ಭ ಹೊರನಾಡಿನಲ್ಲಿ ದುಡಿಯುವ ನಮಗೆ ಮತ್ತೆ ಮತ್ತೆ ಒದಗುತ್ತದೆ. ಪಠ್ಯಕ್ರಮದ ಟಿಪ್ಪಣಿ, ಅನುವಾದದ ಪ್ರಸ್ತಾವ, ಚಿತ್ರೋತ್ಸವದ ಕೈಪಿಡಿ ಎಲ್ಲವೂ ಬಯಸುವುದು ಒಂದನ್ನೇ: ಒಂದು ವಾಕ್ಯದ ಕಥಾಸಾರ. ಮೂಲವನ್ನು ಓದಲಾರದ ಸಹೋದ್ಯೋಗಿಗೆ ಬಹುಮಟ್ಟಿಗೆ ಆ ವಾಕ್ಯವೇ ಕೃತಿ. ಆದ್ದರಿಂದ ಅದನ್ನು ಪ್ರಚಾರದ ಮಾತೆಂದು ಬದಿಗಿಡದೆ ವಿಮರ್ಶೆಯ ಒಂದು ಪ್ರಕಾರವೆಂದೇ ಪರಿಗಣಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹಾಲಿವುಡ್ಡಿನ ಚಿತ್ರಕಥಾಕಾರರು ಲಾಗ್‌ಲೈನ್ ಎಂದು ಕರೆಯುವ ಈ ವಾಕ್ಯದಲ್ಲಿ ಅನುಕಂಪಕ್ಕೆ ಪಾತ್ರನಾಗುವ ನಾಯಕನಿರಬೇಕು, ಅವನಿಗೊಂದು ಸ್ಪಷ್ಟವಾದ ಗುರಿಯಿರಬೇಕು, ಆ ಗುರಿಗೆ ವಿಘ್ನವಿರಬೇಕು. ಇದು ನಮಗೆ ತೀರ ಪರಕೀಯವಾದ ವಿಚಾರವಲ್ಲ. ಧನಂಜಯನ ದಶರೂಪಕವು ಫಲದ ಒಡೆತನವನ್ನು ಅಧಿಕಾರವೆಂದೂ ಅದರ ಒಡೆಯನನ್ನು ಅಧಿಕಾರಿಯೆಂದೂ ಕರೆದು, ಅವನ ವೃತ್ತಾಂತವನ್ನೇ ಪ್ರಧಾನ ಕಥೆಯೆಂದು ಎಣಿಸುತ್ತದೆ. ಅಲ್ಲಿ ಫಲಾಗಮ ನಿಶ್ಚಿತ. ಹೊಸ ಸೂತ್ರಕ್ಕೆ ಆ ಭರವಸೆಯಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (೧೯೩೩) ‘ಶೋಷಿತ ದಲಿತನೊಬ್ಬನ ದುರಂತ ಕಥೆ’ ಎಂದು ಪರಿಚಯಿಸುವ ರೂಢಿಯಿದೆ. ಇದು ಸುಳ್ಳಲ್ಲ, ಆದರೆ ಜಡವಾದ ವಾಕ್ಯ. ಇಲ್ಲಿ ಚೋಮನಿಗೆ ವಿಶೇಷಣವಿದೆ, ಇಚ್ಛೆಯಿಲ್ಲ. ‘ಜೋಡಿ ಎತ್ತುಗಳಿದ್ದೂ ಅಸ್ಪೃಶ್ಯನೆಂಬ ಕಾರಣಕ್ಕೆ ಉಳುವ ಹಕ್ಕಿಲ್ಲದ ಕೂಲಿಯಾಳೊಬ್ಬನು ಗೇಣಿಗೆ ಒಂದಿಷ್ಟು ಭೂಮಿ ಪಡೆದು ಬೇಸಾಯಗಾರನಾಗಲು ಹವಣಿಸುತ್ತಾನೆ’ ಎಂದರೆ ಸ್ಥಿತಿ ಬದಲಾಗುತ್ತದೆ. ದಶರೂಪಕದ ಪರಿಭಾಷೆಯಲ್ಲಿ ಹೇಳುವುದಾದರೆ, ಊರು ಯಾವ ಫಲಕ್ಕೆ ತನ್ನನ್ನು ಅನಧಿಕಾರಿಯೆಂದು ಸಾರಿದೆಯೋ ಆ ಫಲವನ್ನೇ ಬಯಸುವ ಮೂಲಕ ಚೋಮ ಕಥೆಯ ಅಧಿಕಾರಿಯಾಗುತ್ತಾನೆ. ನಮ್ಮ ಅನುಕಂಪ ಹುಟ್ಟುವುದು ಅವನ ಬಯಕೆಯಿಂದ. ಕೇವಲ ಬಡತನ ಹುಟ್ಟಿಸುವುದು ಮರುಕವನ್ನು ಮಾತ್ರ. ಕುಡಿಯುವ, ಸಿಡುಕುವ ಚೋಮನನ್ನು ಸಜ್ಜನನೆಂದು ತಿದ್ದಿ ಬರೆಯುವ ಅಗತ್ಯವೂ ಆಗ ಉಳಿಯುವುದಿಲ್ಲ.

ವಿಘ್ನದ ವಿಷಯ ಇಷ್ಟು ಸರಳವಲ್ಲ. ಕಾಫಿ ತೋಟದ ಸಾಲವಿದೆ, ಊರಿನ ಕಟ್ಟಳೆಯಿದೆ. ಮತಾಂತರಗೊಂಡರೆ ಭೂಮಿ ದೊರೆತೀತೆಂದು ಹೊರಟವನನ್ನು ತನ್ನ ದೈವದ ಮೇಲಣ ನಂಬಿಕೆಯೇ ಹಿಂದಕ್ಕೆ ಸೆಳೆಯುತ್ತದೆ. ಖಳನೊಬ್ಬನನ್ನು ಬೇಡುವ ಸೂತ್ರಕ್ಕೆ ಈ ಕೊನೆಯ ವಿಘ್ನ ಒಗ್ಗದು. ದುಡಿಯಂತೂ ವಾಕ್ಯದ ಹೊರಗೇ ಉಳಿಯುತ್ತದೆ! ಗುರಿ ಭೂಮಿಯಾದರೂ ಶೀರ್ಷಿಕೆಯಲ್ಲಿ ನಿಂತಿರುವುದು ದುಡಿ. ಬಿ.ವಿ. ಕಾರಂತರ ೧೯೭೫ರ ಚಿತ್ರವನ್ನು ನೋಡಿದವರಿಗೆ ಈ ಕೊರತೆ ಇನ್ನೂ ತೀವ್ರವಾಗಿ ತಟ್ಟುತ್ತದೆ. ಅಲ್ಲಿ ಆ ನಾದವನ್ನು ಕಿವಿಯೇ ಕೇಳುತ್ತದೆ.

ತೇಜಸ್ವಿಯವರ ಕಥೆಯನ್ನು ಆಧರಿಸಿದ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ ಈ ಸೂತ್ರಕ್ಕೆ ಹೇಳಿ ಮಾಡಿಸಿದಂತಿದೆ: ಹೆಂಡತಿಯ ಕಾಲಿನ ಚಿಕಿತ್ಸೆಗಾಗಿ ನಿವೃತ್ತ ಜವಾನನೊಬ್ಬನು ತನಗೆ ಸಲ್ಲಬೇಕಾದ ಪಿಂಚಣಿಗೆಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ೧೯೮೬ನೆಯ ಸಾಲಿನ ಸ್ವರ್ಣಕಮಲ ಪಡೆದ ಈ ಚಿತ್ರ ಭಾಷೆಯ ಗಡಿಯನ್ನು ಸುಲಭವಾಗಿ ದಾಟಿದುದಕ್ಕೆ ಗುರಿಯ ಈ ನಿಚ್ಚಳತೆಯೂ ಒಂದು ಕಾರಣವಿರಬೇಕು. ಹಣ ಕೈಸೇರುವ ವೇಳೆಗೆ ಅದು ಯಾರಿಗಾಗಿ ಬೇಕಿತ್ತೋ ಅವಳಿಲ್ಲ. ಫಲ ದೊರೆತೂ ನಿಷ್ಫಲವಾಗುವ ಈ ತಿರುವನ್ನು ವಾಕ್ಯದಲ್ಲಿ ಬಿಟ್ಟುಕೊಡದಿರುವುದೇ ಲೇಸು.

ತೊಡಕಿರುವುದು ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (೧೯೬೫). ‘ಆಚಾರಭ್ರಷ್ಟ ಬ್ರಾಹ್ಮಣನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಉತ್ತರ ಹುಡುಕುತ್ತಾರೆ’ ಎಂಬ ವಾಕ್ಯ ಹೊರನಾಡಿನ ತರಗತಿಗಳಲ್ಲಿ ಚಿರಪರಿಚಿತ. ಆದರೆ ಶವದಹನವಾದ ಮೇಲೂ ಕಾದಂಬರಿ ಬಹುದೂರ ಸಾಗುತ್ತದೆ, ಮತ್ತು ದಹನವಾದುದು ಆಚಾರ್ಯರಿಗೆ ತಿಳಿದೇ ಇರುವುದಿಲ್ಲ. ಗುರಿ ತೀರಿದ ಬಳಿಕವೂ ಮುಂದುವರಿಯುವ ಕಥೆಗೆ ಅದೇ ಗುರಿಯೆನ್ನುವುದು ಹೇಗೆ? ಆಚಾರ್ಯರಿಗೆ ಇರುವುದು ಪ್ರಶ್ನೆ, ಗುರಿಯಲ್ಲ. ಅದೂ ದಾರಿಯಲ್ಲಿ ಶಾಸ್ತ್ರದ ಪ್ರಶ್ನೆಯಾಗಿ ಉಳಿಯದೆ ಅವರ ಸ್ವಂತದ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಸೂತ್ರವನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಈ ಕಾದಂಬರಿಯ ನಾಯಕತ್ವ ಸಲ್ಲಬೇಕಾದದ್ದು ಚಂದ್ರಿಗೆ. ಸತ್ತವನಿಗೆ ಸಂಸ್ಕಾರವಾಗಲೆಂಬುದು ಅವಳ ಸ್ಪಷ್ಟ ಗುರಿ. ಅದಕ್ಕಾಗಿ ಒಡವೆಗಳನ್ನು ಬಿಚ್ಚಿಟ್ಟಾಗ ಅಗ್ರಹಾರದ ಆಸೆ ಕೆರಳಿ ವಿಘ್ನ ಇನ್ನಷ್ಟು ಬಲಿಯುತ್ತದೆ. ಕೊನೆಗೆ ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರೋರಾತ್ರಿ ಕೆಲಸವನ್ನು ನೆರವೇರಿಸಿಯೂ ಬಿಡುತ್ತಾಳೆ. ಕಥೆಯೊಳಗೆ ಹೊರಟದ್ದನ್ನು ಸಾಧಿಸಿದ ವ್ಯಕ್ತಿ ಅವಳೇ. ಆ ಬಳಿಕ ಕಾದಂಬರಿ ಅವಳನ್ನು ಕುಂದಾಪುರದ ಕಡೆಗೆ ಕಳುಹಿಸಿ, ಆಚಾರ್ಯರ ಹಿಂದೆಯೇ ನಡೆದುಬಿಡುತ್ತದೆ. ಅನುವಾದದ ಮುನ್ನುಡಿಗಾಗಿ ನಾವು ಬರೆಯುವ ವಾಕ್ಯ ಅವಳನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಬರೆಯುವ ಮುನ್ನವೇ ತೀರ್ಮಾನಿಸಬೇಕಾಗುತ್ತದೆ.