ಚಂದ್ರಿಕೆಯ ಸುರುಳಿ

ರಾಮನಗರ, ಕನಕಪುರ, ಮಾಗಡಿ ಸೀಮೆಯ ಜಗಲಿಗಳಿಗೆ ಒರಗಿಸಿಟ್ಟ ಚಂದ್ರಿಕೆ ಬರೀ ಬಿದಿರ ತಟ್ಟಿಯಲ್ಲ. ರೇಷ್ಮೆಹುಳು ಕಳೆದುಕೊಂಡ ಕಾಡಿಗೆ ಮನುಷ್ಯ ಹೆಣೆದುಕೊಟ್ಟ ಬದಲಿ. ಸಾವಿರಾರು ವರ್ಷ ಸಾಕಿಸಿಕೊಂಡ ಈ ಹುಳುವನ್ನು ಹಿಪ್ಪುನೇರಳೆ ಗಿಡದ ಮೇಲೆ ಬಿಟ್ಟರೆ ಉಳಿಯುವುದು ಕಷ್ಟ. ಅದರ ಚಿಟ್ಟೆಯಂತೂ ಹಾರಲಾರದು. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಸುಮಾರು 25 ದಿನಕ್ಕೆ ಮೈ ಹಣ್ಣಾದಾಗ ಅದಕ್ಕೆ ಬೇಕಾದ್ದು ಎಲೆಯಲ್ಲ, ಒಂದು ಮೂಲೆ. ಬಿದಿರ ಪಟ್ಟಿಯ ಸುರುಳಿ ಆ ಮೂಲೆಯನ್ನು ಅಳೆದು ಕೊಡುತ್ತದೆ. ತೀರ ಇಕ್ಕಟ್ಟಾದರೆ ಎರಡು ಹುಳು ಸೇರಿ ಜೋಡಿಗೂಡು ಕಟ್ಟಿ ನೂಲು ಸಿಕ್ಕಾಗುತ್ತದೆ. ಅಗಲವಾದರೆ ಆಸರೆ ಹುಡುಕುವುದರಲ್ಲೇ ರೇಷ್ಮೆ ಪೋಲು. ಗೂಡು ಕಟ್ಟುವ ಮುನ್ನ ಹುಳು ಹೊರಹಾಕುವ ಮೂತ್ರ ಗಾಳಿಗೆ ಆರಲೆಂದೇ ಚಂದ್ರಿಕೆ ನೆರಳಲ್ಲಿ ನಿಂತಿರುತ್ತದೆ.

ಹುಳು ಹೀಗೆ ಮನುಷ್ಯನಿಗೆ ಒಗ್ಗಿರುವುದು ಹೊಂದಾಣಿಕೆಯಲ್ಲ, ಜೀತ ಎನ್ನಬಹುದು. ಗೂಡು ಕೊನೆಗೆ ಬಿಸಿನೀರಿಗೆ ಬೀಳುವುದನ್ನು ನೆನೆದರೆ ಆ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೆ ಒಗ್ಗಿದ್ದು ಹುಳುವೊಂದೇ ಅಲ್ಲ, ಮನೆಯೂ ಒಗ್ಗಿದೆ: ಹುಳುವನ್ನು ಕಾಡುವ ಊಜಿ ನೊಣ ಬಾರದಂತೆ ಕಿಟಕಿಗೆ ಪರದೆ, ಬೇಸಿಗೆಗೆ ಒದ್ದೆ ಗೋಣಿತಾಟು. ಚಂದ್ರಿಕೆಯ ಬದಲು ಬಳಸುವ ಪ್ಲಾಸ್ಟಿಕ್ ನೇತ್ರಿಕೆಯನ್ನು ತೊಳೆಯುವುದು ಸಲೀಸು, ರೋಗವೂ ಕಡಿಮೆ ಎಂಬುದು ನಿಜವೇ. ಆದರೆ ಬಿದಿರು ತೇವ ಹೀರುತ್ತದೆ, ಪ್ಲಾಸ್ಟಿಕ್ ಹೀರದು. ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಬಳಿ ಅಲ್ಲಾಡಿಸುವ ರೀಲರು, ಅಂದರೆ ನೂಲು ಬಿಚ್ಚುವವರು, ಕೇಳಿಸಿಕೊಳ್ಳುವುದೂ ಒಣಗಿದ ಗೂಡಿನೊಳಗೆ ಕೋಶ ಗಡಗಡಿಸುವ ಸದ್ದನ್ನೇ.