ಬೆರೆಸುವುದು ಸುಲಭ, ಬೇರ್ಪಡಿಸುವುದು ಕಷ್ಟ
ಉಡುಪಿ ಜಿಲ್ಲೆಯ ಕಸ ವಿಂಗಡಣೆ: ಒಂದು ವಿಮರ್ಶೆ

ಮನೆಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಒಂದು ಪಾವು ಅಕ್ಕಿಗೆ ಒಂದು ಹಿಡಿ ಉದ್ದಿನಬೇಳೆ ಹಾಕಿ ಕೈಯಾಡಿಸಿ. ಬೆರೆಯಲು ಎರಡು ಸೆಕೆಂಡು ಸಾಕು. ಈಗ ಅವೆರಡನ್ನೂ ಮತ್ತೆ ಬೇರ್ಪಡಿಸಿ. ಅರ್ಧ ಗಂಟೆಯಾದರೂ ಬೇಕು. ಅದನ್ನೇ ನೆನೆಸಿ ರುಬ್ಬಿ ದೋಸೆ ಹಿಟ್ಟು ಮಾಡಿದ ಮೇಲೆ ಬೇರ್ಪಡಿಸುವ ಮಾತೇ ಇಲ್ಲ. ಭೌತವಿಜ್ಞಾನದಲ್ಲಿ ಇದನ್ನು ಎಂಟ್ರೊಪಿ ಎಂಬ ಪರಿಮಾಣದ ಮೂಲಕ ವಿವರಿಸುತ್ತೇವೆ. ಬೆರಕೆ ತಾನಾಗಿಯೇ ಹೆಚ್ಚುತ್ತದೆ. ಅದನ್ನು ತಗ್ಗಿಸಬೇಕಾದರೆ ಯಾರಾದರೂ ಹೊರಗಿನಿಂದ ಶಕ್ತಿಯನ್ನು ವ್ಯಯಿಸಲೇಬೇಕು.

ಕಸದ ನಿಯಮಗಳನ್ನು ಪರಿಶೀಲಿಸುವಾಗ ಕೇಳಬೇಕಾದ ಪ್ರಶ್ನೆಯೂ ಇದೇ. ಆ ಶಕ್ತಿಯನ್ನು ಯಾರು ವ್ಯಯಿಸಬೇಕು, ಯಾವ ಹಂತದಲ್ಲಿ?

ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟವು. ಹಸಿ ಕಸ, ಒಣ ಕಸ ಮತ್ತು ಮನೆಯ ಅಪಾಯಕಾರಿ ಕಸ ಎಂದು ಕಸ ಹುಟ್ಟುವಲ್ಲಿಯೇ ಮೂರಾಗಿ ವಿಂಗಡಿಸಬೇಕು ಎಂದವು. 2026ರ ಹೊಸ ನಿಯಮಗಳು ಸ್ಯಾನಿಟರಿ ಕಸವನ್ನು ಪ್ರತ್ಯೇಕಿಸಿ ಇದನ್ನು ನಾಲ್ಕಾಗಿಸಿವೆ. ಉಪಯೋಗಿಸಿದ ಪ್ಯಾಡು, ಡೈಪರುಗಳನ್ನು ಇನ್ನೊಬ್ಬರು ಕೈಯಿಂದ ಹೆಕ್ಕುವಂತಾಗಬಾರದು ಎಂಬ ದೃಷ್ಟಿಯಿಂದ ಇದು ಸ್ವಾಗತಾರ್ಹ.

ನಮ್ಮ ಜಿಲ್ಲೆ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯಿತಿ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ ಎಂಬ ಹೆಸರಿನಲ್ಲಿ ವಿಂಗಡಣಾ ಘಟಕ ನಡೆಸಿ ಇತರರಿಗೆ ಮಾದರಿಯಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸವನ್ನು ನಿರ್ವಹಿಸುವ ಸಾಮರ್ಥ್ಯದ ಕೇಂದ್ರವನ್ನು ಕಾರ್ಕಳ ಹಾಗೂ ನೆರೆಯ ತಾಲೂಕುಗಳ 41 ಗ್ರಾಮ ಪಂಚಾಯಿತಿಗಳಿಗಾಗಿ ರೂಪಿಸಲಾಯಿತು. ಒಂದೊಂದು ಪಂಚಾಯಿತಿಯ ಒಣ ಕಸ ಅಲ್ಪವಾದುದರಿಂದ ಕೊಳ್ಳುವವರು ಸಿಗುವುದಿಲ್ಲ. ಹಲವು ಪಂಚಾಯಿತಿಗಳ ಕಸ ಒಂದೆಡೆ ಸೇರಿದರೆ ಯಂತ್ರಕ್ಕೂ ಕೆಲಸ, ಸರಕಿಗೂ ಬೆಲೆ. ಈ ಯೋಚನೆ ಸರಿಯಾದುದೇ.

ಹಾಗಾದರೆ ಕೊರತೆ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಅಳತೆಯಲ್ಲಿದೆ. ಎಷ್ಟು ವಾಹನ, ಎಷ್ಟು ಬಕೆಟ್, ಎಷ್ಟು ಟನ್ ಸಾಮರ್ಥ್ಯ ಎಂಬುದನ್ನು ನಾವು ಲೆಕ್ಕವಿಡುತ್ತೇವೆ. ಕೇಂದ್ರಕ್ಕೆ ಬಂದ ಒಣ ಕಸ ಎಷ್ಟು ಶುದ್ಧವಾಗಿತ್ತು ಎಂಬ ಲೆಕ್ಕ ಜನರ ಕಣ್ಣಿಗೆ ಬೀಳುವುದಿಲ್ಲ. ನಾನಿದ್ದ ಬೀದಿಯಲ್ಲೇ ಒಂದು ಮಳೆಗಾಲ ಹೀಗಾಯಿತು. ಮನೆಯವರು ಎರಡು ಬಕೆಟ್‌ಗಳಲ್ಲಿ ಕೊಟ್ಟ ಕಸ ವಾಹನದ ಒಂದೇ ತೊಟ್ಟಿಗೆ ಬಿತ್ತು. ಮರುವಾರದಿಂದ ಹಲವರು ಎರಡನೆಯ ಬಕೆಟ್ಟನ್ನು ಒಳಗಿಟ್ಟರು. ಅವರನ್ನು ದೂರುವಂತಿರಲಿಲ್ಲ.

ಕರಾವಳಿಯಲ್ಲಿ ಶುದ್ಧತೆಯ ದೊಡ್ಡ ಶತ್ರು ಮಳೆ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಯಲುಸೀಮೆಗೂ ನಮಗೂ ನಿಯಮ ಒಂದೇ. ಆದರೆ ಒದ್ದೆಯಾದ ರಟ್ಟು, ಕಾಗದಗಳಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿಲ್ಲ. ಮರುಬಳಕೆಗೆ ಬಾರದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಗೂಡುಗಳಿಗೆ ಇಂಧನವಾಗಿ ಕಳಿಸುವಾಗಲೂ ತೊಂದರೆಯೇ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಕಿಲೋಗ್ರಾಂ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 2,500 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಎಂಟು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಂದರೆ ಒದ್ದೆ ಕಸದೊಂದಿಗೆ ನಾವು ನೀರನ್ನೂ ಲಾರಿಯಲ್ಲಿ ಸಾಗಿಸಿ, ಬಳಿಕ ಅದನ್ನು ಒಣಗಿಸಲು ಶಾಖವನ್ನೂ ತೆರುತ್ತೇವೆ. ಮುಚ್ಚಿದ ವಾಹನ ಮತ್ತು ಸೂರಿರುವ ದಾಸ್ತಾನು ಕಟ್ಟೆ ಕರಾವಳಿಯಲ್ಲಿ ಐಷಾರಾಮವಲ್ಲ, ಯೋಜನೆಯ ಮೊದಲ ಅಗತ್ಯ.

ವ್ಯಾಪಾರಿಗಳ ಮೇಲಿನ ನಿಯಮಗಳಲ್ಲೂ ಇದೇ ಅಳತೆಯ ಗೊಂದಲವಿದೆ. ಕೇಂದ್ರದ ನಿಯಮದಂತೆ ಪ್ಲಾಸ್ಟಿಕ್ ಕೈಚೀಲದ ದಪ್ಪ 2022ರ ಡಿಸೆಂಬರ್ 31ರಿಂದ ಕನಿಷ್ಠ 120 ಮೈಕ್ರಾನ್ ಇರಬೇಕು. ಕರ್ನಾಟಕವಾದರೋ 2016ರ ಮಾರ್ಚ್‌ನಲ್ಲೇ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿತ್ತು. ಕಾರ್ಕಳದ ಅಂಗಡಿಯವರು ಚೀಲದ ಮೇಲೆ ಮೈಕ್ರಾನ್ ಮುದ್ರೆ ಕಂಡು ಇದು ಸಕ್ರಮ ಎಂದುಕೊಂಡರೆ ಆಶ್ಚರ್ಯವೇನು? ಆ ಅಂಕೆಯನ್ನು ಪರೀಕ್ಷಿಸಲು ಅವರಲ್ಲಿ ಸಾಧನವೂ ಇಲ್ಲ. ನಮ್ಮ ಪ್ರಯೋಗಶಾಲೆಯ ಸ್ಕ್ರೂ ಗೇಜ್ ಅಳೆಯಬಲ್ಲ ಕನಿಷ್ಠ ಪ್ರಮಾಣ 10 ಮೈಕ್ರಾನ್. ಅದರಲ್ಲೂ ಚೀಲವನ್ನು ಎಂಟು ಪದರವಾಗಿ ಮಡಿಸಿ ಅಳೆದು, ಎಂಟರಿಂದ ಭಾಗಿಸಿದರಷ್ಟೇ ನಂಬಬಹುದಾದ ಉತ್ತರ ಸಿಗುತ್ತದೆ. ಇನ್ನು ಬಟ್ಟೆ ಚೀಲವೆಂದು ಕೊಡುವ ಬಣ್ಣದ ಚೀಲಗಳಲ್ಲಿ ಅನೇಕವು ನೇಯದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಒಂದು ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ಗುಳ್ಳೆಗಳನ್ನು ಹೊರಡಿಸಿ ಬಿಡಿ. ಹತ್ತಿ ಬಟ್ಟೆ ಮುಳುಗುತ್ತದೆ. ಇದು ತೇಲುತ್ತದೆ, ಏಕೆಂದರೆ ಇದರ ಸಾಂದ್ರತೆ ನೀರಿಗಿಂತ ಕಡಿಮೆ.

2016ರ ನಿಯಮಗಳಲ್ಲಿ ದಿನಕ್ಕೆ 100 ಕಿಲೋಗ್ರಾಂಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ಬೃಹತ್ ಉತ್ಪಾದಕರೆಂದು ಗುರುತಿಸಲಾಯಿತು. ಮಣಿಪಾಲದ ದೊಡ್ಡ ವಿದ್ಯಾರ್ಥಿನಿಲಯ, ಉಡುಪಿಯ ದೊಡ್ಡ ಹೋಟೆಲುಗಳಿಗೆ ಇದು ಅನ್ವಯಿಸಬಹುದು. ಆದರೆ ಕಾಪು ಕಡಲತೀರದ ದಾರಿಯಲ್ಲಿ ಬೊಂಡ ಮಾರುವವರು, ಚುರುಮುರಿ ಗಾಡಿಯವರು ಒಬ್ಬೊಬ್ಬರಾಗಿ ಈ ಮಿತಿಗೆ ತಲುಪುವುದಿಲ್ಲ. ಇಂಥ ಹತ್ತು ಮಂದಿ ಸೇರಿದರೆ ಮಿತಿ ದಾಟಬಹುದು. ಅವರೆಲ್ಲರಿಗೂ ಒಂದೇ ಸಾಮಾನ್ಯ ವ್ಯವಸ್ಥೆ ಕಲ್ಪಿಸುವುದು ದಂಡ ಹಾಕುವುದಕ್ಕಿಂತ ಫಲಕಾರಿ.

ನನ್ನ ಸಲಹೆ ಸರಳವಾದುದು. ಪ್ರತಿ ವಾರ್ಡಿನ ಒಣ ಕಸದಿಂದ ವಾರಕ್ಕೊಮ್ಮೆ 10 ಕಿಲೋಗ್ರಾಂ ಮಾದರಿ ತೆಗೆದು, ಅದರಲ್ಲಿ ಹಸಿ ಮತ್ತು ಸ್ಯಾನಿಟರಿ ಕಸ ಎಷ್ಟಿದೆ ಎಂದು ತೂಗಿ, ಆ ಅಂಕೆಯನ್ನು ಪಂಚಾಯಿತಿ ಅಥವಾ ಪುರಸಭೆಯ ಫಲಕದಲ್ಲಿ ಬರೆಯಲಿ. ಒಂದು ತಕ್ಕಡಿ ಸಾಕು. ಅಂಕೆ ಏರಿದರೆ ತಪ್ಪು ಮನೆಯದೋ ವಾಹನದ್ದೋ ಎಂದು ಹುಡುಕಬಹುದು. ನಿಮ್ಮ ಊರಿನ ಪ್ರೌಢಶಾಲೆಯ ವಿಜ್ಞಾನ ಸಂಘವೂ ಕೈಗವಸು ಧರಿಸಿ, ಅಧ್ಯಾಪಕರ ಜೊತೆಗೆ, ತನ್ನದೇ ಶಾಲೆಯ ಒಣ ಕಸದಿಂದ ಇದನ್ನು ಆರಂಭಿಸಬಹುದು.

ಈ ಲೆಕ್ಕ ಏಕೆ ಬೇಕು? ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳು ಇಂದಿಗೂ ತೆರೆದ ಬಾವಿಯ ನೀರನ್ನೇ ಕುಡಿಯುತ್ತವೆ. ಮುರಕಲ್ಲಿನ ನೆಲ ನೀರನ್ನು ಬೇಗ ಇಂಗಿಸುತ್ತದೆ. ಬೆರೆತು ಕೊಳೆತ ರಾಶಿಯ ರಸವೂ ಅದೇ ದಾರಿಯಲ್ಲಿ ಇಳಿಯುತ್ತದೆ. ಅದಕ್ಕೂ ಮೊದಲು ಆ ರಾಶಿಗೆ ಕೈ ಹಾಕುವವರು ಪೌರಕಾರ್ಮಿಕರು ಮತ್ತು ಘಟಕಗಳಲ್ಲಿ ದುಡಿಯುವ ಮಹಿಳೆಯರು. ಅಡುಗೆಮನೆಯಲ್ಲಿ ನಾವು ಉಳಿಸಿದ ಎರಡು ಸೆಕೆಂಡಿಗೆ ಅವರು ಅರ್ಧ ಗಂಟೆ ತೆರುತ್ತಿದ್ದಾರೆ. ಇಂದು ಸಂಜೆ ನಿಮ್ಮ ಒಣ ಕಸದ ಬಕೆಟ್ಟನ್ನು ಒಮ್ಮೆ ಕಾಗದದ ಮೇಲೆ ಸುರಿದು ನೋಡಿ. ಅದರಲ್ಲಿ ಎಷ್ಟು ಒದ್ದೆ ಇದೆ?